ದಡ ಸೇರದ ಧಾರಾವಾಹಿ: ಇಮ್ಯಾಜಿನ್ ಟಿವಿಯ ಏಳುಬೀಳು (2008–2012)

2012ರ ಏಪ್ರಿಲ್ 12ರಂದು ಟರ್ನರ್ ಸಂಸ್ಥೆ ತನ್ನ ಹಿಂದಿ ಮನರಂಜನಾ ವಾಹಿನಿ ಇಮ್ಯಾಜಿನ್ ಟಿವಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಹೊಸ ಕಂತುಗಳು ನಿಂತವು. ಹಳೆಯ ಕಂತುಗಳ ಮರುಪ್ರಸಾರ ಕೆಲವು ವಾರ ನಡೆದು, ಮೇ 11ಕ್ಕೆ ಅದೂ ಮುಗಿಯಿತು. ವೀಕ್ಷಕರು ಸಾಲಲಿಲ್ಲ, ಆದ್ದರಿಂದ ಬಾಗಿಲು ಹಾಕಿದರು ಎನ್ನುವುದು ಸುಲಭದ ವಿವರಣೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ವೀಕ್ಷಕರನ್ನು ಗಳಿಸಲು ಈ ವಾಹಿನಿಗೆ ಎಷ್ಟು ಕಾಲಾವಕಾಶವಿತ್ತು, ಆ ಅವಕಾಶವನ್ನು ಗೊತ್ತುಮಾಡಿದ್ದು ಏನು ಎಂಬುದು ಈ ಲೇಖನದ ಪ್ರಶ್ನೆ.

ಆರಂಭ

ವಾಹಿನಿ ಶುರುವಾದದ್ದು 2008ರ ಜನವರಿ 21ರಂದು, ಎನ್‌ಡಿಟಿವಿ ಇಮ್ಯಾಜಿನ್ ಎಂಬ ಹೆಸರಿನಲ್ಲಿ. ಮುಂದೆ ನಿಂತು ನಡೆಸಿದವರು ಸಮೀರ್ ನಾಯರ್. ಸ್ಟಾರ್ ಪ್ಲಸ್‌ನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯ ಯಶಸ್ಸು ಕಂಡು ಬಂದವರು. ಮೊದಲ ದಿನದಿಂದಲೇ ಸಾಗರ್ ಆರ್ಟ್ಸ್‌ನ ಹೊಸ 'ರಾಮಾಯಣ' ಇತ್ತು. 1987ರಲ್ಲಿ ದೂರದರ್ಶನಕ್ಕಾಗಿ ರಾಮಾಯಣ ತೆಗೆದ ಮನೆತನದ್ದೇ ಸಂಸ್ಥೆ ಅದು.

ಆದರೆ ವರ್ಷ ಅನುಕೂಲದ್ದಾಗಿರಲಿಲ್ಲ. ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಮೊದಲ ಪಂದ್ಯ ನಡೆಯಿತು. ಧಾರಾವಾಹಿಗಳ ರಾತ್ರಿ ಹೊತ್ತಿಗೇ ಕ್ರಿಕೆಟ್ ಬಂದು ಕೂತಿತು. ಜುಲೈ 21ಕ್ಕೆ 'ಬಾಲಿಕಾ ವಧು' ಧಾರಾವಾಹಿಯ ಜೊತೆ ಕಲರ್ಸ್ ವಾಹಿನಿ ಕಾಲಿಟ್ಟಿತು. ನವೆಂಬರ್‌ನಲ್ಲಿ ಮುಂಬೈಯ ಸಿನಿಮಾ–ಟಿವಿ ಕಾರ್ಮಿಕರ ಮುಷ್ಕರದಿಂದ ಚಿತ್ರೀಕರಣ ನಿಂತು, ಎಲ್ಲ ಹಿಂದಿ ವಾಹಿನಿಗಳೂ ಹಳೆಯ ಕಂತುಗಳನ್ನೇ ತೋರಿಸಬೇಕಾಯಿತು. ಹಳೆಯ ವಾಹಿನಿಗಳಿಗೆ ಅದು ಬಿಡುವು. ಇನ್ನೂ ರೂಢಿಯಾಗದ ವಾಹಿನಿಗೆ ಅದು ನಷ್ಟ. ಅಷ್ಟರಲ್ಲಿ ಜಾಗತಿಕ ಆರ್ಥಿಕ ಹಿಂಜರಿತ ಜಾಹೀರಾತಿನ ಮೇಲೂ ಬಿದ್ದಿತ್ತು.

ಕೇಬಲ್ ತಂತಿಯ ಲೆಕ್ಕ

ಹಣದ ದಾರಿಯನ್ನು ಹತ್ತಿರದಿಂದ ನೋಡಬೇಕು. ಆಗಿನ ಅನಲಾಗ್ ಕೇಬಲ್‌ನಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ ನೂರರ ಆಸುಪಾಸಿನ ವಾಹಿನಿಗಳು. ಆ ಸ್ಥಳಕ್ಕೂ ದರ್ಜೆಯಿತ್ತು. 'ಪ್ರೈಮ್ ಬ್ಯಾಂಡ್'ನಲ್ಲಿ ಕೂತ ವಾಹಿನಿ ಚೊಕ್ಕವಾಗಿ ಕಾಣುತ್ತಿತ್ತು. ಮೇಲಿನ ಬ್ಯಾಂಡ್‌ಗೆ ತಳ್ಳಿಸಿಕೊಂಡದ್ದು ಹಳೆಯ ಟಿವಿಗಳಲ್ಲಿ ಬರುತ್ತಲೇ ಇರಲಿಲ್ಲ, ಬಂದರೂ ಚುಕ್ಕೆಚುಕ್ಕೆ. ಹೀಗಾಗಿ ಒಳ್ಳೆಯ ಜಾಗಕ್ಕಾಗಿ ವಾಹಿನಿಯೇ ಕೇಬಲ್ ಜಾಲಕ್ಕೆ ಕ್ಯಾರೇಜ್ ಶುಲ್ಕ ಕಟ್ಟಬೇಕಿತ್ತು. ಹೊಸಬರಿಗೆ ಇದರಿಂದ ಪಾರಾಗುವ ದಾರಿಯೇ ಇರಲಿಲ್ಲ.

ಇನ್ನು ಚಂದಾ. ಮನೆಯವರು ತಿಂಗಳಾ ಕೇಬಲ್‌ನವರಿಗೆ ದುಡ್ಡು ಕೊಡುತ್ತಿದ್ದರು. ಎಷ್ಟು ಮನೆಗೆ ಸಂಪರ್ಕವಿದೆ ಎಂದು ಅವರು ಮೇಲಕ್ಕೆ, ವಾಹಿನಿಗಳಿಗೆ, ತೋರಿಸುತ್ತಿದ್ದ ಲೆಕ್ಕ ಮಾತ್ರ ತೀರಾ ಕಡಿಮೆ. ಲೆಕ್ಕ ಪಾರದರ್ಶಕವಾಗಿದ್ದ ಕಡೆಯಲ್ಲೂ ಕೈಗೆ ಬರುತ್ತಿದ್ದದ್ದು ಅಲ್ಪವೇ. 2006ರಲ್ಲಿ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಮಹಾನಗರಗಳ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಿದ್ದ ಪ್ರದೇಶಗಳಿಗೆ ಒಂದು ಪಾವತಿ ವಾಹಿನಿಗೆ ತಿಂಗಳಿಗೆ ಗರಿಷ್ಠ 5 ರೂಪಾಯಿ ಎಂದು ಗೊತ್ತುಮಾಡಿತ್ತು. ಅದರಲ್ಲಿ ಪ್ರಸಾರಕರ ಪಾಲು ಶೇ. 45, ಅಂದರೆ 2 ರೂಪಾಯಿ 25 ಪೈಸೆ. ಹೆಸರಿಗೆ ಪಾವತಿ ವಾಹಿನಿಯಾದರೂ ಹೊಟ್ಟೆ ಹೊರೆಯಬೇಕಾದದ್ದು ಜಾಹೀರಾತಿನಿಂದಲೇ. ಜಾಹೀರಾತು ಬರಬೇಕಾದರೆ ವೀಕ್ಷಕರನ್ನು ಅಳೆಯುತ್ತಿದ್ದ ಟ್ಯಾಮ್ ಸಂಸ್ಥೆಯ ವಾರವಾರದ ಟಿಆರ್‌ಪಿ ಏರಬೇಕು. ಅದು ಏರುವವರೆಗೆ ಕೈಯಿಂದಲೇ ಖರ್ಚು; ಎಷ್ಟು ದಿನ ತಾಳಬಹುದೋ ಅದೇ ಗಡುವು.

ರೂಢಿಯೋ, ಗದ್ದಲವೋ

ಈ ಒತ್ತಡದ ಗುರುತು ಕಾರ್ಯಕ್ರಮಗಳಲ್ಲೇ ಕಾಣುತ್ತದೆ. 2009ರ ರಿಯಾಲಿಟಿ ಷೋ 'ರಾಖಿ ಕಾ ಸ್ವಯಂವರ್' ದೇಶವೆಲ್ಲ ಮಾತಾಡುವಂತೆ ಮಾಡಿತು. ಅದರ ಬೆನ್ನಿಗೇ ಪೂರ್ವಜನ್ಮದ ರಹಸ್ಯ ಕೆದಕುವ ಕಾರ್ಯಕ್ರಮ, 2010ರಲ್ಲಿ ಇನ್ನೊಂದು ಸ್ವಯಂವರ. ಇಂಥವು ಜಾತ್ರೆಯಿದ್ದಂತೆ: ತೇರು ಎಳೆದ ಮರುದಿನ ಬಯಲು ಖಾಲಿ. ಧಾರಾವಾಹಿಯ ಬಲ ಬೇರೆ. ರಾತ್ರಿ ಊಟದ ಹೊತ್ತಿಗೆ ರಿಮೋಟ್ ತಾನಾಗಿ ಆ ನಂಬರಿಗೆ ಹೋಗುವ ರೂಢಿಯೇ ಅದರ ಬಂಡವಾಳ, ಮತ್ತು ಅದು ಬೇರೂರಲು ಬೇಕಾದದ್ದು ತಾಳ್ಮೆ. 2009ರ ಡಿಸೆಂಬರ್‌ನಲ್ಲಿ ಬಹುಪಾಲು ಷೇರು ಟರ್ನರ್‌ಗೆ ಮಾರುವ ಒಪ್ಪಂದವಾಗಿ, ಹೆಸರಿನಿಂದ 'ಎನ್‌ಡಿಟಿವಿ' ಬಿಟ್ಟುಹೋಯಿತು. ಎರಡೇ ವರ್ಷದಲ್ಲಿ ಯಜಮಾನ ಬದಲಾದ ಮನೆಯಲ್ಲಿ ತಾಳ್ಮೆ ಉಳಿಯುವುದು ಕಷ್ಟ.

ಇಲ್ಲೊಂದು ಆಕ್ಷೇಪ ಸಹಜ: ಕಲರ್ಸ್ ಕೂಡ ಅದೇ ವರ್ಷ, ಅದೇ ತಂತಿಯ ಮೇಲೆ ಬಂದು ಗೆಲ್ಲಲಿಲ್ಲವೇ? ಗೆದ್ದಿತು. 'ಬಾಲಿಕಾ ವಧು' 2016ರವರೆಗೆ ನಡೆಯಿತು. ಇತ್ತ 2007ರಲ್ಲಿ ಶುರುವಾದ 9ಎಕ್ಸ್ ವಾಹಿನಿ 2010ರಲ್ಲಿ ಜೀ ಸಂಸ್ಥೆಯ ಪಾಲಾಯಿತು. ಆದ್ದರಿಂದ ಕೇಬಲ್ ವ್ಯವಸ್ಥೆಯೊಂದೇ ಇಮ್ಯಾಜಿನನ್ನು ಕೊಂದಿತೆನ್ನಲಾಗದು. ವ್ಯವಸ್ಥೆ ಗೊತ್ತುಮಾಡಿದ್ದು ಗಡುವನ್ನು. ಕಲರ್ಸ್‌ಗೆ ಗಡುವಿನೊಳಗೆ ರೂಢಿ ದಕ್ಕಿತು, ಇಮ್ಯಾಜಿನ್‌ಗೆ ದಕ್ಕಲಿಲ್ಲ.

ಉಪಸಂಹಾರ

ಗಡುವು ಸಡಿಲವಾಗುವ ಕಾಲ ದೂರವಿರಲಿಲ್ಲ. ಕೇಬಲ್ ಡಿಜಿಟಲೀಕರಣದ ತಿದ್ದುಪಡಿಗೆ 2011ರ ಡಿಸೆಂಬರ್‌ನಲ್ಲೇ ಸಂಸತ್ತು ಒಪ್ಪಿಗೆ ಕೊಟ್ಟಿತ್ತು. ಮಹಾನಗರಗಳಿಗೆ 2012ರ ಅಕ್ಟೋಬರ್ 31, ಬೆಂಗಳೂರು, ಮೈಸೂರು ಸೇರಿದ ಎರಡನೇ ಹಂತಕ್ಕೆ 2013ರ ಮಾರ್ಚ್ 31 ಕೊನೆಯ ದಿನ. ಜಾಗದ ಅಭಾವ ನೀಗುವ, ಸಂಪರ್ಕಗಳ ಲೆಕ್ಕ ಬಯಲಿಗೆ ಬರುವ ವ್ಯವಸ್ಥೆ ಅದು. ಮಹಾನಗರಗಳಲ್ಲಿ ಅದು ಬರುವ ಆರು ತಿಂಗಳ ಮೊದಲೇ ವಾಹಿನಿ ಕೈಚೆಲ್ಲಿತು.

ಕೊನೆಯಲ್ಲಿ ಅರ್ಧಕ್ಕೇ ನಿಂತವುಗಳಲ್ಲಿ 'ಚಂದ್ರಗುಪ್ತ ಮೌರ್ಯ'ವೂ ಒಂದು. ಅದನ್ನೂ ತೆಗೆದದ್ದು ಸಾಗರ್ ಆರ್ಟ್ಸೇ. ಜೈನ ಪರಂಪರೆಯಂತೆ ಚಂದ್ರಗುಪ್ತನ ಕಥೆ ಮುಗಿಯುವುದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ರಾಜ್ಯವನ್ನು ತಾನೇ ಬಿಟ್ಟುಬಂದ ಮೇಲೆ, ಸಲ್ಲೇಖನದಿಂದ. ಕಿರುತೆರೆಯ ಚಂದ್ರಗುಪ್ತನಿಗೆ ಬಿಡುವ ಮಾತು ಹಾಗಿರಲಿ, ಗಳಿಸುವುದಕ್ಕೂ ಕಂತು ಸಾಲಲಿಲ್ಲ.