ಸಿಗದ ಶಾಖೆ, ಸಿಕ್ಕ ಶಾಖೆ

ವರ್ಜೀನಿಯಾ ಅಪ್ಗಾರ್ ಸರ್ಜನ್ ಆಗಬೇಕೆಂದಿದ್ದರು. 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವೈದ್ಯಕೀಯ ಕಾಲೇಜಿನಿಂದ ತರಗತಿಗೆ ನಾಲ್ಕನೆಯವರಾಗಿ ಪಾಸಾದರು, ಅಲ್ಲೇ ಸರ್ಜರಿ ತರಬೇತಿಗೂ ಸೇರಿದರು. ಆದರೆ ಸರ್ಜರಿ ವಿಭಾಗದ ಮುಖ್ಯಸ್ಥ ಅಲೆನ್ ವಿಪಲ್ ಈ ದಾರಿ ಬೇಡ ಎಂದುಬಿಟ್ಟರು. ಅದು ಆರ್ಥಿಕ ಮಹಾಕುಸಿತದ ಕಾಲ. ವಿಪಲ್ ಕೈಕೆಳಗೆ ಪಳಗಿದ ಹೆಂಗಸರು ಹೊರಗೆ ಹೋಗಿ ಸರ್ಜರಿಯಲ್ಲಿ ನೆಲೆ ಕಂಡಿರಲಿಲ್ಲ. ಅರಿವಳಿಕೆಗೆ ಹೋಗು ಎಂಬುದು ಅವರ ಸಲಹೆ. ಆಗ ಅಮೆರಿಕದಲ್ಲಿ ಅರಿವಳಿಕೆ ಕೊಡುತ್ತಿದ್ದವರು ಬಹುಮಟ್ಟಿಗೆ ನರ್ಸುಗಳು. ಡಾಕ್ಟರಾದವರಿಗೆ ಅದರಲ್ಲಿ ದುಡ್ಡೂ ಇಲ್ಲ, ಮರ್ಯಾದೆಯೂ ಇಲ್ಲ.

ಅಪ್ಗಾರ್ ಹೋದರು. ವಿಸ್ಕಾನ್ಸಿನ್‌ನಲ್ಲಿ ರಾಲ್ಫ್ ವಾಟರ್ಸ್ ಬಳಿ ಕಲಿತು, 1938ರಲ್ಲಿ ಕೊಲಂಬಿಯಾಕ್ಕೇ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾಗಿ ಮರಳಿದರು. ಹೆರಿಗೆ ಕೋಣೆಯಲ್ಲಿ ತಾಯಿಗೆ ಅರಿವಳಿಕೆ ಕೊಡುತ್ತಲೇ ಆಗ ತಾನೇ ಹುಟ್ಟಿದ ಕೂಸುಗಳನ್ನು ಗಮನಿಸಿದರು. ಎದೆಬಡಿತ, ಉಸಿರು, ಮೈಬಣ್ಣ, ಸ್ನಾಯುವಿನ ಬಿಗಿ, ಪ್ರತಿಕ್ರಿಯೆ ಎಂಬ ಐದಕ್ಕೆ ತಲಾ ಎರಡು ಅಂಕದಂತೆ ಹತ್ತು ಅಂಕದ ಅಳತೆಯನ್ನು 1953ರಲ್ಲಿ ಪ್ರಕಟಿಸಿದರು. ನಮ್ಮ ಹೆರಿಗೆ ಆಸ್ಪತ್ರೆಗಳ ಕೇಸ್‌ಶೀಟಿನಲ್ಲಿ ಇವತ್ತಿಗೂ ಕಾಣುವ ‘ಅಪ್ಗಾರ್ ಸ್ಕೋರ್’ ಅದೇ.

ಬಯಸಿದ ಶಾಖೆ ಸಿಗದೆ ಇನ್ನೊಂದಕ್ಕೆ ಹೊರಳುವುದು ಅಮೆರಿಕದ ವೈದ್ಯಲೋಕಕ್ಕೆ ಹೊಸತಲ್ಲ ಎನ್ನಲು ಇಷ್ಟು ಸಾಕು. ಅಪ್ಗಾರ್ ಕಾಲದಲ್ಲಿ ‘ಆಗುವುದಿಲ್ಲ’ ಎಂದು ಒಬ್ಬ ಪ್ರೊಫೆಸರ್ ಹೇಳುತ್ತಿದ್ದರು, ಈಗ ಮಾರ್ಚ್ ತಿಂಗಳ ಒಂದು ಸೋಮವಾರ ಇ-ಮೇಲ್ ಬರುತ್ತದೆ. ನಡುವೆ ನಡೆದದ್ದು, ಓದು ಮುಗಿಸುವವರನ್ನು ಆಸ್ಪತ್ರೆಗಳ ತರಬೇತಿ ಹುದ್ದೆಗಳಿಗೆ ಜೋಡಿಸುವ ‘ಮ್ಯಾಚ್’ ಎಂಬ ವ್ಯವಸ್ಥೆಯ ಕಥೆ.

ಅದು ಹುಟ್ಟಿದ್ದು ವಿದ್ಯಾರ್ಥಿಗಳನ್ನು ಸೋಸಲಿಕ್ಕಲ್ಲ, ಆಸ್ಪತ್ರೆಗಳ ಆತುರಕ್ಕೆ ಕಡಿವಾಣ ಹಾಕಲಿಕ್ಕೆ. 1940ರ ದಶಕದಲ್ಲಿ ಇಂಟರ್ನ್‌ಗಳು ಕಡಿಮೆ, ಹುದ್ದೆಗಳು ಹೆಚ್ಚು. ಓದು ಮುಗಿಯಲು ಎರಡು ವರ್ಷ ಇರುವಾಗಲೇ ಆಸ್ಪತ್ರೆಗಳು ಹುಡುಗರನ್ನು ಹಿಡಿದುಹಾಕುತ್ತಿದ್ದವು. 1945ರಲ್ಲಿ ಕಾಲೇಜುಗಳು ಒಂದಾಗಿ, ಗೊತ್ತಾದ ದಿನಕ್ಕೆ ಮೊದಲು ಅಂಕಪಟ್ಟಿಯನ್ನಾಗಲೀ ಶಿಫಾರಸು ಪತ್ರವನ್ನಾಗಲೀ ಕೊಡುವುದಿಲ್ಲ ಎಂದವು. ಆಗ ಪೈಪೋಟಿ ಗಡುವಿನ ಮೇಲೆ ತಿರುಗಿತು. ಆ ವರ್ಷ ಉತ್ತರ ಹೇಳಲು ವಿದ್ಯಾರ್ಥಿಗೆ ಹತ್ತು ದಿನ ಕೊಟ್ಟಿದ್ದರೆ, 1949ರ ಹೊತ್ತಿಗೆ ಹನ್ನೆರಡು ಗಂಟೆಯೂ ಆಸ್ಪತ್ರೆಗಳಿಗೆ ತೀರಾ ಹೆಚ್ಚೆನಿಸತೊಡಗಿತ್ತು!

ವಿದ್ಯಾರ್ಥಿಗಳು, ಆಸ್ಪತ್ರೆಗಳು ಇಬ್ಬರ ಆಯ್ಕೆಯ ಪಟ್ಟಿಯನ್ನೂ ತರಿಸಿಕೊಂಡು, ಕಾರ್ಡು ವಿಂಗಡಿಸುವ ಯಂತ್ರದಿಂದ ಜೋಡಿ ಮಾಡೋಣ ಎಂಬ ಯೋಜನೆ ಬಂದದ್ದು ಆಗ. ಮೊದಲ ಕರಡಿನಲ್ಲಿ ಒಂದು ಹುಳುಕಿತ್ತು: ಕೈಗೆಟುಕದ ಆಸ್ಪತ್ರೆಯನ್ನು ಮೊದಲ ಆಯ್ಕೆಯಾಗಿ ಬರೆದವನು ಎಟುಕಬಹುದಾಗಿದ್ದ ಎರಡನೆಯದನ್ನೂ ಕಳೆದುಕೊಳ್ಳುವ ಅಪಾಯ. ಅದನ್ನು ಹಿಡಿದವರು ದೊಡ್ಡ ಗಣಿತಜ್ಞರಲ್ಲ, ವಿದ್ಯಾರ್ಥಿಗಳು. ಹಾರ್ವರ್ಡ್‌ನ ಹಾರ್ಡಿ ಹೆಂಡ್ರೆನ್ ಮುಂದಾಳತ್ವದಲ್ಲಿ ಅವರು ಗಲಾಟೆ ಎಬ್ಬಿಸಿ ಸೂತ್ರವನ್ನೇ ಬದಲಿಸಿದರು. ಈ ಹೆಂಡ್ರೆನ್ ಮುಂದೆ ಬಾಸ್ಟನ್‌ನ ಹೆಸರಾಂತ ಮಕ್ಕಳ ಸರ್ಜನ್ ಆದರು. ಮೊದಲ ಮ್ಯಾಚ್ ನಡೆದು ಹತ್ತು ವರ್ಷದ ನಂತರ, 1962ರಲ್ಲಿ, ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಇಂಥದ್ದೇ ಸೂತ್ರವನ್ನು ಕಾಗದದ ಮೇಲೆ ಸಾಧಿಸಿ ತೋರಿಸಿದರು. ಎರಡೂ ಒಂದೇ ಎಂದು 1984ರಲ್ಲಿ ಆಲ್ವಿನ್ ರಾತ್ ವಿವರಿಸಿದರು. 2012ರ ಅರ್ಥಶಾಸ್ತ್ರದ ನೊಬೆಲ್ ಶಾಪ್ಲಿ ಮತ್ತು ರಾತ್ ಅವರಿಗೆ ಸಂದಿತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

1952ರ ಮೊದಲ ಮ್ಯಾಚ್‌ನಲ್ಲಿ ಸುಮಾರು 10,400 ಹುದ್ದೆಗಳಿದ್ದವು, ಅಮೆರಿಕದ ಕಾಲೇಜುಗಳಿಂದ ಹೊರಬರುತ್ತಿದ್ದವರು ಸುಮಾರು 6,000. ಅಂದರೆ ಜೋಡಿ ಸಿಗದೆ ಉಳಿಯುವ ಭಯ ಇದ್ದದ್ದು ಆಸ್ಪತ್ರೆಗಳಿಗೆ. ಆ ಖಾಲಿ ಜಾಗಗಳನ್ನು ಹೊರದೇಶದ ಡಾಕ್ಟರುಗಳು ತುಂಬಿದರು. ಅವರ ಅರ್ಹತೆ ನೋಡಲು 1956ರಲ್ಲಿ ಪ್ರತ್ಯೇಕ ಸಂಸ್ಥೆ ಹುಟ್ಟಿತು, 1965ರ ವಲಸೆ ಕಾನೂನು ಬಾಗಿಲು ಅಗಲ ಮಾಡಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದವರು ಆ ಬಾಗಿಲಲ್ಲಿ ಒಳಹೊಕ್ಕರು.

ಶಾಖೆ ಬದಲಿಸುವುದನ್ನು ನಿಜಕ್ಕೂ ಕಷ್ಟ ಮಾಡಿದ್ದು 1975. ಅಲ್ಲಿಯವರೆಗೆ ಡಾಕ್ಟರಾದವರು ಒಂದು ವರ್ಷ ಎಲ್ಲ ವಾರ್ಡುಗಳಲ್ಲೂ ಸುತ್ತಿ, ನಮ್ಮ ಹೌಸ್ ಸರ್ಜೆನ್ಸಿಯ ಹಾಗೆ, ಆಮೇಲೆ ಶಾಖೆ ಆರಿಸಬಹುದಿತ್ತು. 1966ರ ಮಿಲ್ಲಿಸ್ ಸಮಿತಿ ವರದಿ ಈ ಬಿಡಿ ಇಂಟರ್ನ್‌ಶಿಪ್ ಬೇಡವೆಂದಿತು. 1975ರಲ್ಲಿ ಅದು ನಿಂತಿತು. ಅಂದಿನಿಂದ ಓದುತ್ತಿರುವಾಗಲೇ ಶಾಖೆಯನ್ನು ನಿರ್ಧರಿಸಬೇಕು, ಅದನ್ನೇ ಮ್ಯಾಚ್‌ನ ಪಟ್ಟಿಯಲ್ಲಿ ಬರೆಯಬೇಕು. ಮೊದಲು ಮನಸ್ಸು ಬದಲಾಯಿಸುವುದು ಸಹಜ ಹೆಜ್ಜೆಯಾಗಿತ್ತು, ಆಮೇಲೆ ಅದಕ್ಕೆ ಸೋಲಿನ ಹಣೆಪಟ್ಟಿ ಬಿತ್ತು. ಮಿಲ್ಲಿಸ್ ವರದಿಯ ಉದ್ದೇಶ ಒಳ್ಳೆಯದಿದ್ದೀತು, ಆದರೆ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಅದು ಉಪಕಾರ ಮಾಡಲಿಲ್ಲ.

ಮ್ಯಾಚ್ ಆಗದವರಿಗೆ ‘ಸ್ಕ್ರ್ಯಾಂಬಲ್’ ಇತ್ತು. ಸೋಮವಾರ ಸುದ್ದಿ, ಮಂಗಳವಾರ ಖಾಲಿ ಹುದ್ದೆಗಳ ಪಟ್ಟಿ. ಪಟ್ಟಿ ಬಿದ್ದ ನಿಮಿಷದಿಂದ ದೇಶದ ಉದ್ದಗಲಕ್ಕೂ ಸಂತೆಯ ಗದ್ದಲ. ಡೀನ್ ಕಚೇರಿಯಲ್ಲಿ ಒಬ್ಬರು ಫೋನು ಒತ್ತುತ್ತಾ, ಇನ್ನೊಬ್ಬರು ಫ್ಯಾಕ್ಸ್ ಯಂತ್ರಕ್ಕೆ ಅಂಕಪಟ್ಟಿ ತುರುಕುತ್ತಾ. ಆ ಕಡೆ ಲೈನ್ ಎಂಗೇಜ್. ಬೆಳಿಗ್ಗೆಯವರೆಗೆ ಮೂಳೆ ಸರ್ಜನ್ ಆಗುವೆನೆಂದಿದ್ದವನು ಸಂಜೆಯೊಳಗೆ ಫೋನಿನಲ್ಲೇ ಫ್ಯಾಮಿಲಿ ಮೆಡಿಸಿನ್ ಒಪ್ಪಿಕೊಳ್ಳಬೇಕು. ಊರು ಯಾವುದೆಂದು ಆಮೇಲೆ ನಕ್ಷೆಯಲ್ಲಿ ನೋಡಿಕೊಂಡರಾಯಿತು. 2012ರಲ್ಲಿ ಇದನ್ನು ನಿಲ್ಲಿಸಿ ‘ಸೋಪ್’ ಎಂಬ ಕ್ರಮ ತಂದರು. ಗರಿಷ್ಠ 45 ಅರ್ಜಿ, ಆಸ್ಪತ್ರೆ ಕರೆಯುವ ಮುನ್ನ ತಾನಾಗಿ ಫೋನ್ ಮಾಡುವಂತಿಲ್ಲ, ಸುತ್ತುಗಳಲ್ಲಿ ಬರುವ ಕರೆಗೆ ಎರಡು ಗಂಟೆಯೊಳಗೆ ಉತ್ತರ. ಗದ್ದಲ ಅಡಗಿತು, ಗಡುವಿನ ಹಿಂಸೆ ಮಾತ್ರ ಇನ್ನೊಂದು ರೂಪದಲ್ಲಿ ಉಳಿಯಿತು.

ಸರ್ಜರಿಯ ಹಂಬಲ ಬಿಡದವರಿಗೆ ಇನ್ನೊಂದು ದಾರಿ ‘ಪ್ರಿಲಿಮಿನರಿ’ ವರ್ಷ. ಒಂದೇ ವರ್ಷದ ಹುದ್ದೆ, ಉಳಿದವರಷ್ಟೇ ರಾತ್ರಿ ಪಾಳಿ, ಮುಂದಿನ ವರ್ಷಕ್ಕೆ ಯಾರ ಭರವಸೆಯೂ ಇಲ್ಲ. ಅಲ್ಲಿಂದ ಸರ್ಜರಿಗೇ ದಾಟಿದವರೂ ಇದ್ದಾರೆ, ಅರಿವಳಿಕೆಗೋ ರೇಡಿಯಾಲಜಿಗೋ ಹೊರಳಿದವರೂ ಇದ್ದಾರೆ. ಎಲ್ಲೂ ಸೇರದೆ ಉಳಿದವರಿಗಾಗಿ ಮಿಸೌರಿ ರಾಜ್ಯ 2014ರಲ್ಲಿ ‘ಅಸಿಸ್ಟೆಂಟ್ ಫಿಜಿಶಿಯನ್’ ಎಂಬ ಹುದ್ದೆಯನ್ನೇ ಕಾನೂನು ಮಾಡಿ ಸೃಷ್ಟಿಸಿತು.

ಯಾವ ಶಾಖೆ ಮೇಲು, ಯಾವುದು ‘ಸಿಕ್ಕಿದ್ದು ಸಾಕು’ ಎಂಬುದಕ್ಕೂ ಕಾಲಕಾಲಕ್ಕೆ ತಿರುವುಮುರುವು. 1995ರಲ್ಲಿ ಅರಿವಳಿಕೆ ತಜ್ಞರಿಗೆ ಕೆಲಸ ಸಿಗುತ್ತಿಲ್ಲವೆಂದು ವಾಲ್ ಸ್ಟ್ರೀಟ್ ಜರ್ನಲ್ ಬರೆದ ಮೇಲೆ ಅಮೆರಿಕದ ವಿದ್ಯಾರ್ಥಿಗಳು ಆ ಕಡೆ ತಲೆ ಹಾಕುವುದನ್ನೇ ಬಹುಪಾಲು ಬಿಟ್ಟರು. ಇಂದು ಅದೇ ಶಾಖೆಗೆ ನೂಕುನುಗ್ಗಲು. ತುರ್ತು ಚಿಕಿತ್ಸೆಯದು ಇದರ ತಿರುಗುಮುರುಗು: ಒಂದು ಕಾಲಕ್ಕೆ ಬಹುತೇಕ ಭರ್ತಿಯಾಗುತ್ತಿದ್ದ ಈ ಶಾಖೆಯಲ್ಲಿ 2023ರ ಮ್ಯಾಚ್ ಮುಗಿದಾಗ 554 ಹುದ್ದೆ ಖಾಲಿ ಉಳಿದವು. ಮರುವರ್ಷ ಅದು 135ಕ್ಕೆ ಇಳಿಯಿತು.

ಹೊರಳುವುದಕ್ಕೆ ದುಡ್ಡಿನ ತೊಡಕೂ ಇದೆ, ಅದು ಮೇಲ್ನೋಟಕ್ಕೆ ಕಾಣುವುದಿಲ್ಲ. ರೆಸಿಡೆಂಟ್‌ಗಳ, ಅಂದರೆ ಈ ಹುದ್ದೆಗಳಲ್ಲಿರುವ ಡಾಕ್ಟರುಗಳ, ತರಬೇತಿಯ ಖರ್ಚಿಗೆ ಆಸ್ಪತ್ರೆಗಳಿಗೆ ಹಣ ಬರುವುದು ಮುಖ್ಯವಾಗಿ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನಿಂದ. ಮೊದಲು ಸೇರಿದ ಶಾಖೆಗೆ ಎಷ್ಟು ವರ್ಷ ಬೇಕೋ ಅಷ್ಟಕ್ಕೆ ಮಾತ್ರ ನೇರ ತರಬೇತಿ ವೆಚ್ಚದ ಪೂರ್ತಿ ಲೆಕ್ಕ, ಅಲ್ಲಿಂದಾಚೆಗೆ ಅರ್ಧ. ಮೂರು ವರ್ಷದ ಫ್ಯಾಮಿಲಿ ಮೆಡಿಸಿನ್‌ಗೆ ಸೇರಿ, ಆಮೇಲೆ ಐದು ವರ್ಷದ ಸರ್ಜರಿಗೆ ಬರುವವರನ್ನು ಕಂಡರೆ ಆಸ್ಪತ್ರೆಯ ಲೆಕ್ಕಪತ್ರ ವಿಭಾಗ ಹಿಂದೆಮುಂದೆ ನೋಡುವುದು ಇದಕ್ಕೇ. ಮೇಲಾಗಿ 1997ರ ಬಜೆಟ್ ಕಾನೂನು ಮೆಡಿಕೇರ್ ಹಣ ಕೊಡುವ ಹುದ್ದೆಗಳ ಸಂಖ್ಯೆಯನ್ನು 1996ರ ಮಟ್ಟಕ್ಕೆ ಕಟ್ಟಿಹಾಕಿತು.

1952ರ ಲೆಕ್ಕ ಈಗ ಪೂರ್ತಿ ಬುಡಮೇಲು. 2024ರಲ್ಲಿ 41,503 ಹುದ್ದೆಗಳಿಗೆ 50,413 ಮಂದಿ ಹೆಸರು ನೋಂದಾಯಿಸಿದರು. ಅಮೆರಿಕದ ಎಂಡಿ (ಅಲ್ಲಿನ ಮೂಲ ವೈದ್ಯ ಪದವಿ) ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇಕಡ 93ಕ್ಕೂ ಹೆಚ್ಚು ಮಂದಿಗೆ ಜಾಗ ಸಿಕ್ಕರೆ, ವಿದೇಶಿ ಪ್ರಜೆಗಳಾಗಿ ಹೊರಗೆ ಓದಿ ಬಂದವರಲ್ಲಿ ಸಿಕ್ಕಿದ್ದು ಶೇಕಡ 58ರಷ್ಟು ಮಂದಿಗೆ. ನಮ್ಮ ಕಾಲೇಜುಗಳಿಂದ ಹೋಗುವವರು ಈ ಎರಡನೇ ಗುಂಪಿನವರು. ಮೊದಲು ಯಾವುದೋ ಒಂದು ಶಾಖೆ ಹಿಡಿದು ಆಮೇಲೆ ಬದಲಿಸಿದರಾಯಿತು ಎಂದುಕೊಂಡು ರ್‍ಯಾಂಕ್ ಪಟ್ಟಿ ತುಂಬುವ ಮುನ್ನ ಅವರು ವೀಸಾದ ನಿಯಮವನ್ನೂ ಓದಿಕೊಳ್ಳಬೇಕು: ಜೆ-1 ವೀಸಾದಲ್ಲಿ ತರಬೇತಿಗೆ ಹೋದ ಡಾಕ್ಟರು ಶಾಖೆ ಬದಲಿಸಬಹುದಾದದ್ದು ಒಂದೇ ಸಲ, ಅದೂ ಮೊದಲ ಎರಡು ವರ್ಷದೊಳಗೆ.