ಬೂತಾಯಿಯ ಲೆಕ್ಕ

ಬೂತಾಯಿ ಮೀನು ಕೈಕೊಟ್ಟ ವರ್ಷ ನಮ್ಮ ಕರಾವಳಿಯಲ್ಲಿ ಕಾರಣಗಳಿಗೆ ಬರವಿರುವುದಿಲ್ಲ. ನಾಡದೋಣಿಯವರು ಪರ್ಸೀನ್ ಬೋಟಿನವರನ್ನು ಬೈಯುತ್ತಾರೆ, ಪರ್ಸೀನಿನವರು ಲೈಟ್ ಹಾಕಿ ಮೀನು ಸೆಳೆಯುವವರನ್ನು, ಅವರು ಮೀನನ್ನು ಹಿಟ್ಟು ಮಾಡುವ ಫಿಶ್‌ಮಿಲ್ಲಿನವರನ್ನು. ಕೊನೆಗೆ ಎಲ್ಲರೂ ಒಂದಾಗಿ ಹೊರರಾಜ್ಯದ ಬೋಟುಗಳನ್ನು. ಮಲ್ಪೆ ಧಕ್ಕೆಯಲ್ಲಿ ಬಂದ ಮೀನಿನ ಲೆಕ್ಕ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಈ ಬೈಗುಳ ಕೇಳುತ್ತಲೇ ತಲೆ ನರೆಯಿತು. ಹಳೆಯ ವರದಿಗಳನ್ನು ಓದತೊಡಗಿದ ಮೇಲೆ ತಿಳಿದದ್ದು, ಈ ಜಗಳಕ್ಕೆ ನನ್ನ ಅಜ್ಜನಿಗಿಂತ ಹೆಚ್ಚು ವಯಸ್ಸಾಗಿದೆ ಎಂದು.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬೂತಾಯಿ ರಾಶಿ ಬಿದ್ದರೆ ತಿಂದು, ಒಣಗಿಸಿ, ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದ ಕಾಲ. ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತ ಫ್ರೆಡರಿಕ್ ನಿಕಲ್ಸನ್, ಕಳೆದ ಶತಮಾನದ ಮೊದಲ ದಶಕದಲ್ಲಿ, ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುವ, ಹಿಂಡಿಯನ್ನು ಗೊಬ್ಬರವಾಗಿ ಮಾರುವ ವಿಧಾನ ತೋರಿಸಿಕೊಟ್ಟರು. ಮಲಬಾರು ಮತ್ತು ದಕ್ಷಿಣ ಕನ್ನಡದ ಕಡಲ ಬದಿಯಲ್ಲಿ ನೂರಾರು ಎಣ್ಣೆ ಕಾರ್ಖಾನೆಗಳು ಎದ್ದವು. ಹಾಗೆ ಎದ್ದ ಮೇಲೆ ಮೀನು ಬಾರದ ವರ್ಷ ಬರೀ ಊಟದ ಚಿಂತೆಯಾಗಿ ಉಳಿಯಲಿಲ್ಲ, ಬಂಡವಾಳದ ಚಿಂತೆಯೂ ಆಯಿತು. ಬೂತಾಯಿ ಎಲ್ಲಿ ಮೊಟ್ಟೆಯಿಡುತ್ತದೆ, ಏನು ತಿನ್ನುತ್ತದೆ, ಯಾಕೆ ಒಂದು ವರ್ಷ ಬಂದು ಇನ್ನೊಂದು ವರ್ಷ ಬರುವುದಿಲ್ಲ ಎಂದು ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು 1920ರ ದಶಕದಲ್ಲಿ ಬರೆದರು. 1943ರಲ್ಲಿ ಸರಕಾರ ಸಣ್ಣ ಕಣ್ಣಿನ ಕೆಲವು ಬಲೆಗಳಿಗೂ ಮರಿ ಬೂತಾಯಿ ಹಿಡಿಯುವುದಕ್ಕೂ ನಿರ್ಬಂಧ ಹಾಕಿತು. ಅದು ಹೆಚ್ಚು ಕಾಲ ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡರು. 1955ರಲ್ಲಿ ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಮತ್ತೊಂದು ಸಂಗತಿ ತೋರಿಸಿದರು: ಫ್ರಜಿಲೇರಿಯಾ ಎಂಬ ಕಣ್ಣಿಗೆ ಕಾಣದ ಪಾಚಿ ಹೆಚ್ಚಾದ ನೀರಿನಲ್ಲಿ ಬೂತಾಯಿಯೂ ಹೆಚ್ಚು. ಅಂದರೆ ಬಲೆಯೊಂದನ್ನೇ ಹಿಡಿದು ಪ್ರಶ್ನೆ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ, ನೀರನ್ನೂ ಕೇಳಬೇಕು.

ನನ್ನ ಅಜ್ಜ ರಂಪಣಿಯವರು. ರಂಪಣಿ ಎಂದರೆ ಅರ್ಧ ಮೈಲಿಗೂ ಮೀರುವ ಬಲೆ. ಒಬ್ಬನ ಸೊತ್ತಲ್ಲ, ಒಬ್ಬೊಬ್ಬ ಪಾಲುದಾರ ಒಂದಿಷ್ಟು ತುಂಡು ತಂದು ಜೋಡಿಸಿ ಕಟ್ಟಿದ್ದು. ನೀರಿನ ಬಣ್ಣ ತಿರುಗಿದ್ದನ್ನೂ ಹಕ್ಕಿ ಎರಗುವುದನ್ನೂ ದಡದಿಂದ ನೋಡಿಕೊಂಡು, ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ ಬಂಗುಡೆಯ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಿದ್ದರು. ಆಮೇಲೆ ಎರಡು ತುದಿಯ ಹಗ್ಗಕ್ಕೂ ಊರೇ ಕೈಹಾಕುತ್ತಿತ್ತು. ಹಿಂಡು ದೊಡ್ಡದಾದರೆ ಪೂರ್ತಿ ಎಳೆಯುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಮಾರಾಟವಾಗುವಷ್ಟನ್ನೇ ದಿನವೂ ಮೊಗೆದು ತೆಗೆಯುತ್ತಿದ್ದರು. ಎಷ್ಟು ಮೀನು ಬಿತ್ತೆಂದು ಯಾರೂ ಬರೆದಿಡಬೇಕಾಗಿರಲಿಲ್ಲ, ಹೊಯಿಗೆಯ ಮೇಲೆ ಎಲ್ಲರ ಕಣ್ಣೆದುರೇ ಪಾಲಾಗುತ್ತಿತ್ತು. ಅಜ್ಜನ ಕಾಲದವರು ಪರಿಸರವಾದಿಗಳೇನಲ್ಲ. ಸಿಕ್ಕಿದರೆ ಇನ್ನಷ್ಟು ಹಿಡಿಯುತ್ತಿದ್ದರು. ಆದರೆ ದಡಕ್ಕೆ ಬಂದ ಮೀನು ಮಾತ್ರ ಅವರಿಗೆ ಸಿಗುತ್ತಿತ್ತು. ಮಿತಿ ಬಲೆಯಲ್ಲೇ ಇತ್ತು.

1970ರ ದಶಕದ ನಡುವೆ ಪರ್ಸೀನ್ ಬಂದು ಆ ಮಿತಿಯನ್ನು ಕಿತ್ತುಹಾಕಿತು. ಮೀನು ದಡಕ್ಕೆ ಬರುವ ಮೊದಲೇ ಬೋಟು ಮೀನಿನ ಬಳಿಗೆ ಹೋಯಿತು; ಸುತ್ತ ಬಲೆ ಬಿಟ್ಟು ತಳವನ್ನು ಚೀಲದ ಬಾಯಿಯಂತೆ ಬಿಗಿದರೆ ಹಿಂಡಿಗೆ ಹಿಂಡೇ ಮೇಲೆ. ಗೋವಾದಲ್ಲಿ ರಾಂಪಣಕಾರರು ಬೀದಿಗಿಳಿದು ಚಳವಳಿ ಮಾಡಿದರು. ನಮ್ಮಲ್ಲೂ ಗಲಾಟೆಗಳಾದವು, ಆದರೆ ಕೆಲವೇ ವರ್ಷಗಳಲ್ಲಿ ರಂಪಣಿಯ ಮಕ್ಕಳೇ ಸಾಲ ಮಾಡಿ ಪರ್ಸೀನಿನಲ್ಲಿ ಪಾಲು ಹಾಕಿದರು. ನನ್ನ ದೊಡ್ಡಪ್ಪನೂ ಅವರಲ್ಲೊಬ್ಬರು. ಊರಿನಲ್ಲಿ ಉಳಿದದ್ದು ರಂಪಣಿಯ ಸಣ್ಣ ರೂಪವಾದ ಕೈರಂಪಣಿ ಮಾತ್ರ.

ಬಲೆಯೊಳಗಿದ್ದ ಮಿತಿ ಹೋದ ಮೇಲೆ ಅದನ್ನು ಕಾಗದದ ಮೇಲೆ ಬರೆಯಬೇಕಾಯಿತು. 1986ರಲ್ಲಿ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಮೀನುಗಾರಿಕೆಗೆ ಮಳೆಗಾಲದ ರಜೆ ನಮ್ಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ತೂಫಾನ್ ಎದ್ದು ಕಡಲು ಕಲಕಿದರೆ ಅವರಿಗೆ ಸುಗ್ಗಿ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಒಂದೊಂದು ನಿಯಮವೂ ಒಂದೊಂದು ಅಪಾಯಕ್ಕೆ ಹಾಕಿದ ತೇಪೆ: ಇದು ಮರಿಗೆ, ಇದು ಮೊಟ್ಟೆಗೆ, ಇದು ಬೆಳಕಿಗೆ.

ಇಂಥ ನಿಯಮಗಳಿಗೆ ಆಧಾರವಾಗುವ ಲೆಕ್ಕ ಬರೆಯುವ ನಮ್ಮ ಕೆಲಸ ಹೀಗಿತ್ತು. ಎಲ್ಲ ಬೋಟುಗಳ ಮೀನನ್ನೂ ತೂಗಲಾಗದು. ಗೊತ್ತುಮಾಡಿದ ದಿನ ನಸುಕಿಗೇ ಧಕ್ಕೆಗೆ ಹೋಗಿ, ಬಂದ ಬೋಟುಗಳಲ್ಲಿ ಇಷ್ಟಕ್ಕೊಂದೆಂದು ಆರಿಸಿ, ಯಾವ ಬಲೆ, ಎಷ್ಟು ದಿನ ಕಡಲಲ್ಲಿದ್ದರು, ಯಾವ ಮೀನು ಎಷ್ಟು ಬುಟ್ಟಿ ಎಂದು ಕಲಾಸಿಗಳನ್ನು ಕೇಳಿ ಬರೆಯುವುದು. ಒಂದಿಷ್ಟು ಬೂತಾಯಿಯನ್ನು ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದವರೆಗೆ ಅಳೆಯುವುದು. ಹೊಟ್ಟೆ ಸೀಳಿದರೆ ಹೆಣ್ಣಿನದು ಹಳದಿ ಮೊಟ್ಟೆಚೀಲ, ಗಂಡಿನದು ಬಿಳಿ. 15 ಸೆಂಟಿಮೀಟರಿನ ಆಸುಪಾಸಿಗೆ ಬಂದ ಬೂತಾಯಿ ಮೊಟ್ಟೆಯಿಡಲು ಸಿದ್ಧ. ಅದಕ್ಕಿಂತ ಸಣ್ಣದೇ ಬುಟ್ಟಿ ತುಂಬ ಬಂದರೆ ಮುಂದಿನ ವರ್ಷದ್ದನ್ನು ಈ ವರ್ಷವೇ ತಂದಿದ್ದಾರೆ ಎಂದರ್ಥ. “ಎಂತ ಮಾರಾಯ, ಮೀನಿಗೂ ಜಾತಕ ಬರೆಯುವುದಾ?” ಎಂದು ಬೋಟು ನಡೆಸುವ ತಂಡೇಲರು ನಗುತ್ತಿದ್ದರು. ನಗುತ್ತಲೇ ಎಲ್ಲಿ ಬಲೆ ಬಿಟ್ಟೆವೆಂಬುದನ್ನು ಮರೆಮಾಚುತ್ತಿದ್ದರು.

ಇಂಥ ಅಂಕಿಗಳು ಸೇರಿಯೇ ಕಡಲಿಗೆ ಎಷ್ಟು ಅಪಾಯವೆಂಬ ಅಂದಾಜು ಹುಟ್ಟುವುದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಬಿದ್ದಿತ್ತು. 2021ರಲ್ಲಿ 3,297 ಟನ್. ಹಿಡಿದದ್ದೂ ಹೆಚ್ಚಾಯಿತು, ಎಲ್ ನಿನೊ ಬಂದು ನೀರೂ ಬಿಸಿಯಾಯಿತು ಎನ್ನುತ್ತಾರೆ ವಿಜ್ಞಾನಿಗಳು. ಇನ್ನೊಂದೆಡೆ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2022ರಲ್ಲಿ ಪರಿಶೀಲಿಸಿದ ದೇಶದ 135 ಮೀನು ಸಂಗ್ರಹಗಳಲ್ಲಿ ಶೇಕಡಾ 91.1ರಷ್ಟು ಸುಸ್ಥಿತಿಯಲ್ಲಿವೆ ಎಂದಿದೆ. ಎರಡೂ ನಿಜವಿರಬಹುದು. ಒಂದೊಂದು ಮೀನನ್ನು ಪ್ರತ್ಯೇಕವಾಗಿ ನೋಡಿದರೆ ಸರಿಯಿದ್ದೀತು; ಆದರೆ ನಮ್ಮವರು ಕಾರ್ಗಿಲ್ ಎನ್ನುವ, ಊಟಕ್ಕೆ ಯಾರೂ ಒಯ್ಯದ ಮೀನು ಬೋಟುಗಟ್ಟಲೆ ಬಂದು ನೇರ ಫಿಶ್‌ಮಿಲ್ಲಿಗೆ ಹೋಗುವಾಗ, ಅದು ಕಡಲಲ್ಲಿ ಯಾರನ್ನು ತಿನ್ನುತ್ತಿತ್ತು, ಯಾರಿಗೆ ಆಹಾರವಾಗಿತ್ತು ಎಂದು ಯಾವ ಕಾಲಮ್ಮಿನಲ್ಲಿ ಬರೆಯುವುದು? ಹಿಡಿದು ಬೇಡವೆಂದು ನಡುಗಡಲಲ್ಲೇ ಎಸೆದದ್ದು ನನ್ನ ಪುಸ್ತಕಕ್ಕೆ ಬರಲೇ ಇಲ್ಲ.

ಪ್ರತಿ ವರ್ಷ ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ ಮಾಡಿ ಹಾಲೆರೆಯುವಾಗ ಬೋಟಿನವರು, ನಾಡದೋಣಿಯವರು, ಮೀನು ಮಾರುವ ಹೆಂಗಸರು ಎಲ್ಲರೂ ಒಂದೇ ಹೊಯಿಗೆಯ ಮೇಲಿರುತ್ತಾರೆ. ಹಿಂದಿನ ವರ್ಷದ ಲೆಕ್ಕವನ್ನು ಅದೇ ವಾರ ಧಕ್ಕೆಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು: ಎಷ್ಟು ಬಂತು, ಅದರಲ್ಲಿ ಮರಿ ಎಷ್ಟು, ಫಿಶ್‌ಮಿಲ್ಲಿಗೆ ಎಷ್ಟು ಹೋಯಿತು, ಕಡಲಿಗೆ ಎಷ್ಟು ಎಸೆದರು. ಎಸೆದದ್ದನ್ನು ಬೋಟಿನವರೇ ಹೇಳಬೇಕು. ಹೇಳಿದವರಿಗೆ ದಂಡ ಹಾಕಬಾರದು. ರಂಪಣಿಯನ್ನು ಮರಳಿ ತರಲಾಗದು, ತರಬೇಕಾಗಿಯೂ ಇಲ್ಲ. ಆದರೆ ಪಾಲು ಎಲ್ಲರೆದುರು ಆಗುತ್ತಿದ್ದುದರಿಂದಲೇ ಅಲ್ಲಿ ಜಗಳ ಕಡಿಮೆಯಿತ್ತು. ತಾವು ನೋಡದ, ತಮ್ಮನ್ನು ಕೇಳದ ಲೆಕ್ಕದ ಮೇಲೆ ನಿಂತ ನಿಯಮವನ್ನು ಮೀನುಗಾರರು 1943ರಲ್ಲೂ ನಂಬಲಿಲ್ಲ, ಇವತ್ತೂ ನಂಬುವುದಿಲ್ಲ.