ಬಿಟ್ಟಿ ಅನ್ನೋ ಮಾತಿನ ಹಳೇ ಲೆಕ್ಕ

ದಗದ ಮಾಡಿ ಮಾಡಿ ನಡಾ ಬಿದ್ದಾಗ ನಮ್ಮ ಕಡೆ ಹೆಣ್ಮಕ್ಕಳ ಬಾಯಾಗ ಬರೋ ಮಾತು ಒಂದೇ: "ನಾ ಏನ್ ಇಲ್ಲೆ ಬಿಟ್ಟಿ ಬಿದ್ದೇನೇನು?" ಈ ಬಿಟ್ಟಿ ನಿನ್ನೆ ಮೊನ್ನೆ ಹುಟ್ಟಿದ ಮಾತಲ್ರಿ. ಸಂಸ್ಕೃತದ ‘ವಿಷ್ಟಿ’ ಕನ್ನಡದಾಗ ಬಿಟ್ಟಿ ಆಗೇದ. ಕೌಟಿಲ್ಯನ ಅರ್ಥಶಾಸ್ತ್ರದಾಗೂ ವಿಷ್ಟಿ ಮಾತು ಬರ್ತದ. (ಹೊಯ್ಸಳರ ಬಿಟ್ಟಿದೇವ ಬ್ಯಾರೆ. ಅಲ್ಲಿ ‘ವಿಷ್ಣು’ ಹೋಗಿ ಬಿಟ್ಟಿ ಆಗೇದ. ರಾಜಾಗ ಬಿಟ್ಟಿ ದಗದ ಯಾರು ಹಚ್ಚತಾರ!)

ಆಗಿನ ಬಿಟ್ಟಿ ಒಂದು ನಮೂನಿ ತೆರಿಗಿ. ರೊಕ್ಕ, ಕಾಳು ಕೊಡೋದರ ಜೋಡಿ ಮೈಮುರದು ದುಡದೂ ತೀರಸಬೇಕು. ದಾರಿ ಸರಿ ಮಾಡೋದು, ಮಣ್ಣು ಹೊರೋದು, ಅಧಿಕಾರಿ ಬಂದ್ರ ಅವರ ಗಂಟುಮೂಟಿ ಮುಂದಿನ ಊರಿಗೆ ಹೊತ್ತು ಮುಟ್ಟಸೋದು. ಕೂಲಿ ಕೇಳೋಹಂಗಿಲ್ಲ. ಎಷ್ಟೋ ಹಳೇ ದಾನಶಾಸನದಾಗ ಭೂಮಿ ಕೊಡೋವಾಗ ವಿಷ್ಟಿ ಮಾಫಿ ಅಂತನೂ ಕೊರಸ್ಯಾರ. ಅಂದಮ್ಯಾಲೆ ಅದರ ಕಾಟ ಎಷ್ಟಿತ್ತು, ನೀವೇ ತಿಳಕೋರಿ. ಮುಂದ ಫಾರ್ಸಿಯ ‘ಬೇಗಾರ’ ಬಂದು ಜೋಡಾತು, ಬಿಟ್ಟಿಬೇಗಾರಿ ಆತು. 1950ರಾಗ ಜಾರಿಗೆ ಬಂದ ಸಂವಿಧಾನದ 23ನೇ ಕಲಮಿನಾಗ ಬೇಗಾರಿನ ಹೆಸರು ಹಿಡದೇ ಬಂದ್ ಮಾಡ್ಯಾರ.

ರೊಕ್ಕ ಕೊಡೋ ದಗದದ ಮಾತೂ ಮಜಾ ಅವ. ನಮ್ಮ ‘ಪಗಾರ’ ಪೋರ್ಚುಗೀಜರದು. ಮೈಸೂರು ಕಡೆಯವರ ‘ಸಂಬಳ’ದ ಮೂಲ ಅರ್ಥ ದಾರಿಬುತ್ತಿ. ಆ ಬುತ್ತಿ ಕಟ್ಟಿದಾಕಿಗೆ ಏನು ಸಿಕ್ತು ಅನ್ನೋದಕ್ಕ ಮಾತೇ ಇಲ್ಲ ನೋಡ್ರಿ.

ಈಗ ಬಿಟ್ಟಿ ತಿರುಗಿ ಕೂತದ. ಮೊದಲು ದುಡದವರ ಸಂಕಟಕ್ಕ ಇದ್ದ ಹೆಸರು ಈಗ ಪುಕ್ಕಟ ಇಸಕೊಂಡವರಿಗೆ ಬೈಗಳ. 2023ರಾಗ ಹೆಣ್ಮಕ್ಕಳಿಗೆ ಬಸ್ಸಿನಾಗ ಟಿಕೆಟ್ ರೊಕ್ಕ ಬ್ಯಾಡ, ಮನಿಯೊಡತಿಗೆ ತಿಂಗಳಿಗೆ 2000 ರೂಪಾಯಿ ಅಂತ ಸರಕಾರ ಅಂದಾಗ ‘ಬಿಟ್ಟಿ ಭಾಗ್ಯ’ ಅಂತ ಆಡಿಕೊಂಡ್ರು. ಯೋಜನಾ ಬೇಕೋ ಬ್ಯಾಡೋ, ಆ ವಾದ ಬ್ಯಾರೆ. ಆದ್ರ ಆ ಮಾತು ಮಾತ್ರ ನನಗ ಚುಚ್ಚತದ. 2019ರ ಸರಕಾರಿ ಸಮೀಕ್ಷಾದಾಗ, ಮನಿಗೆಲಸಕ್ಕ ಕೈ ಹಚ್ಚಿದ ಹೆಣ್ಮಕ್ಕಳು ದಿನಾ ಸರಾಸರಿ 299 ನಿಮಿಷ ಪಗಾರಿಲ್ಲದ ಮನಿಗೆಲಸ ಮಾಡ್ತಾರ, ಗಂಡಸರು 97 ನಿಮಿಷ ಅಂತ ಬಂದದ. ಐದು ತಾಸಿಗೆ ಒಂದು ನಿಮಿಷ ಕಡಿಮಿ! ಪಂಚಮಿ ಉಂಡಿ ಕಟ್ಟೋ ವಾರದಾಗ ಅವರು ನಮ್ಮನಿಗೆ ಬಂದಿಲ್ಲ ಬಿಡ್ರಿ.